ನೇರಳೆ ಬ್ಯಾಕ್ಟೀರಿಯಾದ ಒಳಪೊರೆ: ಬೆಳಕು, ಗಾಳಿಯ ಪ್ರಯೋಗದಲ್ಲಿ ನನ್ನ ಅನುಭವ

ಮಂಡ್ಯದ ವಿಶ್ವೇಶ್ವರಯ್ಯ ನಾಲೆ ಬಯಲಿನ ಗದ್ದೆಯ ಕೆಸರನ್ನು ಶೀಶೆಗೆ ತುಂಬಿ, ಬಾಯಿ ಮುಚ್ಚಿ ಬೆಳಕಿಗಿಟ್ಟರೆ, ಕೆಲವು ವಾರಗಳಲ್ಲಿ ಗಾಜಿನ ಒಳಮೈಗೆ ಕೆಂಗಂದು ಪದರ ಹತ್ತುವುದುಂಟು. ಅದು ಬಹುಮಟ್ಟಿಗೆ ನೇರಳೆ ಬ್ಯಾಕ್ಟೀರಿಯಾಗಳ, ಅಂದರೆ ಬೆಳಕಿನಿಂದ ಶಕ್ತಿ ಪಡೆಯಬಲ್ಲ ಬ್ಯಾಕ್ಟೀರಿಯಾಗಳ ಬಣ್ಣ. ಮೈಸೂರಿನ ನಮ್ಮ ಪ್ರಯೋಗಾಲಯದಲ್ಲಿ ಅವುಗಳ ಪೊರೆಯನ್ನು ಅಭ್ಯಸಿಸಲು ನಾನು ಮಿಶ್ರ ಕೆಸರನ್ನು ಬಿಟ್ಟು, ಅವುಗಳಲ್ಲೊಂದಾದ ರೋಡೋಬ್ಯಾಕ್ಟರ್ ಸ್ಫೀರಾಯ್ಡಿಸ್‌ನ ಶುದ್ಧ ತಳಿಯನ್ನು ಆರಿಸಿಕೊಂಡೆ.

ಗಾಳಿ ಯಥೇಚ್ಛವಾಗಿದ್ದಾಗ ಈ ಜೀವಿ ಉಸಿರಾಟದಿಂದಲೇ ಬದುಕುತ್ತದೆ. ಒಳಪೊರೆ ಬಹುತೇಕ ಇರುವುದಿಲ್ಲ, ಕಲ್ಚರ್ (ಕೋಶಗಳು ಬೆಳೆದ ದ್ರವ) ಪೇಲವವಾಗಿರುತ್ತದೆ. ಆಮ್ಲಜನಕ ಇಳಿದಂತೆ ಕೋಶಪೊರೆ ಒಳಕ್ಕೆ ಮಡಚಿಕೊಂಡು, ಸುಮಾರು 50 ನ್ಯಾನೋಮೀಟರ್ ವ್ಯಾಸದ ಗುಳ್ಳೆಗಳಾಗಿ ಬೆಳೆಯುತ್ತದೆ. ಬೆಳಕು ಹಿಡಿಯುವ ವರ್ಣಪ್ರೋಟೀನುಗಳು ನೆಲೆಸುವುದು ಅವುಗಳಲ್ಲೇ. ಇನ್ನೊಂದು ನೇರಳೆ ಬ್ಯಾಕ್ಟೀರಿಯಾ ರೋಡೋಸ್ಯೂಡೋಮೊನಾಸ್ ಪಾಲುಸ್ಟ್ರಿಸ್‌ನಲ್ಲಾದರೆ ಗುಳ್ಳೆಗಳ ಬದಲು ಪದರಗಳಿರುತ್ತವೆ.

ಸಕ್ಸಿನೇಟ್ ಎಂಬ ಸಾವಯವ ಲವಣವಿರುವ ಮಾಧ್ಯಮವನ್ನು (ಪೋಷಕ ದ್ರವವನ್ನು) ಗಾಳಿಗೆ ಎಡೆಯಿಲ್ಲದಂತೆ ಶೀಶೆಯ ಕಂಠದವರೆಗೂ ತುಂಬಿ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದೆ. ದೀಪದ ಆಯ್ಕೆಗೆ ನಾನು ಬಹಳ ಮಹತ್ವ ಕೊಡುತ್ತೇನೆ: ಈ ಜೀವಿಗೆ ಬೇಕಾದ ಅತಿಗೆಂಪಿನ ಸಮೀಪದ ಬೆಳಕು ಹಳೆಯ ತಂತಿ ಬಲ್ಬಿನಲ್ಲಿ ಧಾರಾಳವಾಗಿದೆ, ಬಿಳಿ ಎಲ್‌ಇಡಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಲ್ಬಿನ ಕಾವು ತಡೆಯಲು ನಡುವೆ ನೀರು ತುಂಬಿದ ಗಾಜಿನ ತೊಟ್ಟಿಯನ್ನಿಟ್ಟು, ಶೀಶೆಗಳ ದೂರವನ್ನು ಬದಲಿಸಿ ಮಂದ ಮತ್ತು ಪ್ರಖರ ಬೆಳಕನ್ನು ಒದಗಿಸಿದೆ.

ಮಂದ ಬೆಳಕಿನ ಶೀಶೆ ನಿಧಾನವಾಗಿ ಬೆಳೆಯಿತು, ಆದರೆ ಅದರ ಬಣ್ಣ ದಟ್ಟವಾಗಿತ್ತು. ಬಣ್ಣ ಕಂಡೊಡನೆ ಪೊರೆ ಹೆಚ್ಚಿದೆ ಎನ್ನುವಂತಿಲ್ಲ, ಕೋಶಗಳೇ ಹೆಚ್ಚಿರಬಹುದು. ಆದ್ದರಿಂದ 660 ನ್ಯಾನೋಮೀಟರ್‌ನಲ್ಲಿ ಕದಡನ್ನು ಅಳೆದು, ಎಲ್ಲ ಮಾದರಿಗಳನ್ನೂ ಸಮ ಸಾಂದ್ರತೆಗೆ ತಂದೆ. ಕೋಶಗಳನ್ನು ಗಟ್ಟಿ ಸಕ್ಕರೆ ದ್ರಾವಣದಲ್ಲಿ ತೇಲಿಸಿದರೆ ಬೆಳಕಿನ ಚದರಿಕೆ ತಗ್ಗಿ, ಬೆಳಕಿನ ಹೀರಿಕೆಯ ನಕ್ಷೆಯಲ್ಲಿ 800 ಮತ್ತು 850 ನ್ಯಾನೋಮೀಟರ್ ಶಿಖರಗಳೂ 875ರ ಬಳಿಯ ಭುಜವೂ (ಶಿಖರದ ಪಕ್ಕದ ಉಬ್ಬೂ) ನಿಚ್ಚಳವಾಗುತ್ತವೆ. ಮಂದ ಬೆಳಕಿನಲ್ಲಿ 875ಕ್ಕೆ ಹೋಲಿಸಿದರೆ 850ರ ಶಿಖರ ಎದ್ದು ನಿಂತಿತ್ತು, ಅಂದರೆ 850ರಲ್ಲಿ ಬೆಳಕು ಹಿಡಿಯುವ ಹೊರವಲಯದ ಪ್ರೋಟೀನು ಸಂಕೀರ್ಣ, 875ರಲ್ಲಿ ಹಿಡಿಯುವ ಒಳವಲಯದ ಸಂಕೀರ್ಣಕ್ಕೆ ಹೋಲಿಸಿದರೆ ಹೆಚ್ಚಿತ್ತು. ಅಸಿಟೋನ್-ಮೆಥನಾಲ್‌ನಲ್ಲಿ ಬಣ್ಣವನ್ನು ಬಸಿದರೆ ಇವೆಲ್ಲ 770ರ ಸುಮಾರಿನ ಒಂದೇ ಶಿಖರವಾಗಿ ಬೆರೆತುಬಿಡುತ್ತವೆ. ಒಟ್ಟು ವರ್ಣದ್ರವ್ಯ ತಿಳಿಯುತ್ತದೆಯೇ ಹೊರತು ಸಂಕೀರ್ಣಗಳ ನಡುವೆ ಅದರ ಹಂಚಿಕೆ ತಿಳಿಯದು. ಗುಳ್ಳೆಗಳ ಆಕಾರವನ್ನು ಕಾಣಲಂತೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಮಂದ ಬೆಳಕಿನಿಂದ ಪ್ರಖರ ಬೆಳಕಿಗೆ ತಂದ ಕೂಡಲೇ ವರ್ಣದ್ರವ್ಯದ ತಯಾರಿಕೆ ನಿಂತು, ಬೆಳವಣಿಗೆ ಮಾತ್ರ ಮುಂದುವರಿಯುತ್ತದೆ ಎಂಬುದನ್ನು ಕೊಹೆನ್-ಬಜೀರ್, ಸಿಸ್ಟ್ರಾಮ್ ಮತ್ತು ಸ್ಟೇನಿಯರ್ ಎಂಬ ವಿಜ್ಞಾನಿಗಳು 1957ರಲ್ಲೇ ತೋರಿಸಿದ್ದರು. ಕೋಶಗಳು ಇಬ್ಭಾಗವಾದಂತೆಲ್ಲ ಇದ್ದ ಪೊರೆ ಹಂಚಿಹೋಗುತ್ತದೆ. ಹೀಗಾಗಿ ಬೆಳಕನ್ನು ಬದಲಿಸಿದೊಡನೆ ಮಾದರಿ ತೆಗೆಯದೆ, ಅದೇ ಬೆಳಕಿನಲ್ಲಿ ಹೊಸ ಮಾಧ್ಯಮಕ್ಕೆ ಮತ್ತೆ ಮತ್ತೆ ವರ್ಗಾಯಿಸಿ ಹಲವು ತಲೆಮಾರು ಕಳೆಯಲು ಬಿಡುತ್ತೇನೆ. ಕಲ್ಚರ್ ಇನ್ನೂ ತೆಳುವಾಗಿರುವಾಗಲೇ ಅಳೆಯುತ್ತೇನೆ, ಏಕೆಂದರೆ ದಟ್ಟವಾದರೆ ಕೋಶಗಳು ಒಂದಕ್ಕೊಂದು ನೆರಳಾಗಿ, ಪ್ರಖರ ಬೆಳಕಿನ ಶೀಶೆಯೂ ಒಳಗೊಳಗೇ ಮಂದ ಬೆಳಕಿನ ಶೀಶೆಯಾಗುತ್ತದೆ.