ಅಮ್ಮನ ಪ್ರಮಾಣವಚನ, ನನ್ನ ಧಾರೆ

ಪುರೋಹಿತರು ನನ್ನ ಮದುವೆಗೆ ಮೊದಲು ಇಟ್ಟುಕೊಟ್ಟ ಮುಹೂರ್ತ 2019ರ ಮೇ ತಿಂಗಳಿನದು. ಮದುವೆ ನಡೆದದ್ದು ಡಿಸೆಂಬರ್‌ನಲ್ಲಿ. ನಡುವಿನ ಏಳು ತಿಂಗಳು ನಾವೆಲ್ಲ ಕಾದದ್ದು ನ್ಯೂಜೆರ್ಸಿಯಲ್ಲಿದ್ದ ಅಮ್ಮ ಅಮೆರಿಕದ ಪ್ರಜೆಯಾಗಲಿ ಎಂದು. ಹಾಸನದಲ್ಲಿದ್ದ ನೆಂಟರಿಗೆ ಇದನ್ನು ಅರ್ಥಮಾಡಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಇಂಥದ್ದೇ ಸ್ಥಿತಿಯಲ್ಲಿರುವ ಮನೆಗಳು ಇನ್ನೂ ಇವೆ ಎಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ಕತೆ ಶುರುವಾಗುವುದು 2001ರಲ್ಲಿ. ಅಲ್ಲಿಯ ಪ್ರಜೆಯಾಗಿದ್ದ ನಮ್ಮ ಸೋದರಮಾವ ಅಮ್ಮನನ್ನು ಅಲ್ಲಿಗೆ ಕಾಯಂ ಆಗಿ ಕರೆಸಿಕೊಳ್ಳಲು ಪಿಟಿಷನ್ ಹಾಕಿದರು. ಒಡಹುಟ್ಟಿದವರ ಆ ಸಾಲಿಗೆ ಎಫ್4 ಎನ್ನುತ್ತಾರೆ. ಆಗ ಅಣ್ಣನಿಗೆ 15, ನನಗೆ 12. ಅಮ್ಮನ ಸರದಿ ಬಂದು ಅಪ್ಪ ಅಮ್ಮ ಇಬ್ಬರೂ ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ಆಗಿ ಇರುವ ಪರವಾನಗಿ) ಮೇಲೆ ಹೊರಟಿದ್ದು 2014ರ ಫೆಬ್ರವರಿಯಲ್ಲಿ. ಅವರ ಜೊತೆ ಹೋಗಲು ಮಕ್ಕಳು 21ರ ಒಳಗಿರಬೇಕು, ಅಷ್ಟರಲ್ಲಿ ನಾವಿಬ್ಬರೂ 21 ದಾಟಿದ್ದೆವು. ಅರ್ಜಿ ಪರಿಶೀಲನೆಗೆ ಹಿಡಿದ ಸಮಯವನ್ನು ವಯಸ್ಸಿನಿಂದ ಕಳೆಯುವ ಅನುಕೂಲ ಕಾನೂನಿನಲ್ಲಿದೆ, ಕಳೆದರೂ ನಮ್ಮದು ಕೆಳಗಿಳಿಯಲಿಲ್ಲ. ಸರದಿ ಎಣಿಸುವುದು ಅರ್ಜಿ ಹಾಕಿದ ದಿನಾಂಕದಿಂದ, ಮಾವನ 2001ರ ದಿನಾಂಕವನ್ನಾದರೂ ನಮಗೆ ಉಳಿಸಿಕೊಡುತ್ತಾರೇನೋ ಎಂಬ ಆಸೆ ಇತ್ತು. ಅದೇ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನಮ್ಮಂಥ ಮಕ್ಕಳಿಗೆ ಹಳೆಯ ದಿನಾಂಕ ಸಿಗುವುದಿಲ್ಲ ಎಂದು ತೀರ್ಪು ಕೊಟ್ಟಿತು.

ಅದಕ್ಕೆ ಮುಂಚೆಯೇ, ಏಪ್ರಿಲ್‌ನಲ್ಲಿ, ಅಮ್ಮ ನಮ್ಮಿಬ್ಬರಿಗೂ ಹೊಸದಾಗಿ ಐ-130, ಅಂದರೆ ಬಂಧುಗಳಿಗಾಗಿ ಹಾಕುವ ಪಿಟಿಷನ್, ಹಾಕಿದ್ದರು. ಗ್ರೀನ್ ಕಾರ್ಡ್ ಇರುವವರು 21 ದಾಟಿದ ಮಕ್ಕಳಿಗೆ ಹಾಕುವ ಸಾಲು ಎಫ್2ಬಿ. ಇದರಲ್ಲಿ ಒಂದೇ ಒಂದು ಷರತ್ತು ಬೆಂಕಿಯಂಥದ್ದು: ಮಕ್ಕಳು ಅವಿವಾಹಿತರಾಗಿರಬೇಕು. ಗ್ರೀನ್ ಕಾರ್ಡ್‌ದಾರರು ಮದುವೆಯಾದ ಮಕ್ಕಳಿಗೆ ಅರ್ಜಿ ಹಾಕುವ ಸಾಲೇ ಇಲ್ಲ. ಆದ್ದರಿಂದ ತಾಯಿ ಪ್ರಜೆಯಾಗುವ ಮೊದಲು ಮಗ ಅಥವಾ ಮಗಳು ತಾಳಿ ಕಟ್ಟಿದರೆ, ಕಟ್ಟಿಸಿಕೊಂಡರೆ, ಪಿಟಿಷನ್ ಆ ದಿನವೇ ತಾನಾಗಿ ರದ್ದು. ಯಾರೂ ಪತ್ರ ಬರೆದು ಕೇಳಬೇಕಾಗಿಲ್ಲ. ಆಮೇಲೆ ವಿಚ್ಛೇದನವಾದರೂ ಸತ್ತ ಅರ್ಜಿ ಬದುಕುವುದಿಲ್ಲ.

ಅಣ್ಣನದು ಹಾಗೇ ಹೋಯಿತು. 2016ರಲ್ಲಿ ಅವನಿಗೆ ಒಳ್ಳೆಯ ಸಂಬಂಧ ಬಂತು, ಅಜ್ಜಿಗೆ ಹುಷಾರಿರಲಿಲ್ಲ, ದೇವಸ್ಥಾನದಲ್ಲಿ ಮದುವೆ ಮುಗಿಸಿದರು. ಫಾರಂ ತುಂಬಿಕೊಡುವ ಏಜೆಂಟ್ ಒಬ್ಬರು, "ರಿಜಿಸ್ಟರ್ ಮಾಡಿಸಬೇಡಿ ಸಾರ್, ಕಾಗದದಲ್ಲಿ ಇಲ್ಲ ಅಂದ್ರೆ ಮದುವೆನೇ ಆಗಿಲ್ಲ ಅಂತ ಲೆಕ್ಕ" ಎಂದು ಧೈರ್ಯ ಹೇಳಿದ್ದರು. ಅದು ಪೂರ್ತಿ ತಪ್ಪು. ನಮ್ಮ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನ ಪ್ರಕಾರ ಸಪ್ತಪದಿ ಇರುವ ಪದ್ಧತಿಯಲ್ಲಿ ಏಳನೇ ಹೆಜ್ಜೆ ಇಟ್ಟ ಕ್ಷಣಕ್ಕೆ ಮದುವೆ ಪೂರ್ಣ. ನೋಂದಣಿ ಆಗಿಲ್ಲ ಎಂಬ ಕಾರಣಕ್ಕೆ ಅದು ಅಸಿಂಧು ಆಗುವುದಿಲ್ಲ ಎಂದು 8ನೇ ಕಲಮು ಹೇಳುತ್ತದೆ. ಮದುವೆ ನಡೆದ ಜಾಗದ ಕಾನೂನು ಅದನ್ನು ಒಪ್ಪಿದರೆ ಸಾಮಾನ್ಯವಾಗಿ ಅಮೆರಿಕವೂ ಒಪ್ಪುತ್ತದೆ. ಅಂಥವರು ವೀಸಾ ಸಂದರ್ಶನದಲ್ಲಿ "ಮದುವೆಯಾಗಿಲ್ಲ" ಎಂದು ಹೇಳಿ ಸಿಕ್ಕಿಬಿದ್ದರೆ ಅದು ಸುಳ್ಳು ಹೇಳಿ ವೀಸಾ ಕೇಳಿದ ಅಪರಾಧ, ಆಜೀವ ನಿಷೇಧದವರೆಗೂ ಹೋಗುತ್ತದೆ. ಅಣ್ಣ ಆ ದಾರಿ ಹಿಡಿಯಲಿಲ್ಲ. ಅರ್ಜಿ ಹೋಯಿತು ಎಂದು ಒಪ್ಪಿಕೊಂಡ. ಅವನ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ.

ನನ್ನ ವಿಷಯದಲ್ಲಿ ಹಾಗಾಗಬಾರದು ಎಂದು ಅಮ್ಮ ಹಟ ಹಿಡಿದರು. ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ತುಂಬುವುದಕ್ಕೆ 90 ದಿನ ಮುಂಚೆಯೇ ಪೌರತ್ವದ ಅರ್ಜಿ, ಎನ್-400, ಹಾಕಬಹುದು. 2018ರ ನವೆಂಬರ್‌ನಲ್ಲಿ ಹಾಕಿದರು. ಆಮೇಲೆ ಶುರುವಾಯಿತು ನಮ್ಮ ಪಾಠ. ಪೌರತ್ವ ಪರೀಕ್ಷೆಗೆ ಆಗ ನೂರು ಪ್ರಶ್ನೆಗಳ ಪಟ್ಟಿ ಇತ್ತು. ಅದರಲ್ಲಿ ಹತ್ತನ್ನು ಕೇಳುತ್ತಾರೆ, ಆರಕ್ಕೆ ಸರಿಯುತ್ತರ ಬೇಕು, ಅದೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಏಳನೇ ಕ್ಲಾಸಿನವರೆಗೆ ಓದಿದ ಅಮ್ಮನಿಗೆ ನಾನು ದಿನಾ ಬೆಳಿಗ್ಗೆ, ಅವರಿಗೆ ರಾತ್ರಿ, ವಾಟ್ಸಾಪ್‌ನಲ್ಲಿ ಪ್ರಶ್ನೆ ಕೇಳುತ್ತಿದ್ದೆ. ಸಂವಿಧಾನಕ್ಕೆ ಎಷ್ಟು ತಿದ್ದುಪಡಿ? 27. ಸೆನೆಟರ್‌ಗಳು ಎಷ್ಟು ಜನ? 100. ಅಮ್ಮ ಉತ್ತರಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿದ್ದರು. ಸಾರಿಗೆ ಒಗ್ಗರಣೆ ಹಾಕುತ್ತಾ "ರೂಲ್ ಆಫ್ ಲಾ" ಎಂದು ಹೇಳಿಕೊಳ್ಳುತ್ತಿದ್ದರಂತೆ.

ಈ ಮಧ್ಯೆ ನನಗೆ ಹುಡುಗ ಗೊತ್ತಾಗಿ ಏಪ್ರಿಲ್‌ನಲ್ಲಿ ನಿಶ್ಚಿತಾರ್ಥವೂ ಆಯಿತು. ನಿಶ್ಚಿತಾರ್ಥ ಮದುವೆಯಲ್ಲ, ಅದರಿಂದ ಪಿಟಿಷನ್‌ಗೆ ಏನೂ ಆಗುವುದಿಲ್ಲ. ಆದರೂ ಉಂಗುರದ ಫೋಟೋ ಎಲ್ಲೂ ಹಾಕಬೇಡಿ ಎಂದು ಎಲ್ಲರಿಗೂ ಹೇಳಿದ್ದೆ. ಅಷ್ಟು ಹೆದರಿಕೆ! ಮೇ ಮುಹೂರ್ತ ಬಿಡಬೇಕು ಎಂದು ಹುಡುಗನ ಮನೆಯವರಿಗೆ ನಾನೇ ಹೋಗಿ ಹೇಳಿದೆ. ಅತ್ತೆ ಆಗಲಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಮ್ಮ ಬಂದು ಧಾರೆ ಎರೆದು ಕೊಡೋದಾದ್ರೆ ನಾವು ಕಾಯ್ತೀವಿ ಬಿಡಮ್ಮ" ಎಂದರು.

ಸಂದರ್ಶನ ಸೆಪ್ಟೆಂಬರ್‌ನಲ್ಲಿ ಆಯಿತು, ಅಮ್ಮ ಪಾಸಾದರು. ಅಪಾಯ ಕಾದಿದ್ದದ್ದು ಇಲ್ಲೇ. ದೊಡ್ಡಪ್ಪ ಫೋನ್ ಮಾಡಿ, "ಪಾಸಾಯ್ತಲ್ಲ, ಮುಂದಿನ ವಾರ ಛತ್ರ ಖಾಲಿ ಇದೆ, ಮುಗಿಸಿಬಿಡೋಣ" ಎಂದರು. ಪರೀಕ್ಷೆ ಪಾಸಾದ ಮಾತ್ರಕ್ಕೆ ಪೌರತ್ವ ಬರುವುದಿಲ್ಲ. ಪ್ರಮಾಣವಚನ ಸ್ವೀಕರಿಸಿದ ದಿನ ಬರುತ್ತದೆ. ಅದರ ಹಿಂದಿನ ದಿನ ನಾನು ಮದುವೆಯಾಗಿದ್ದರೂ ಅಣ್ಣನಿಗಾದದ್ದೇ ನನಗೂ ಆಗುತ್ತಿತ್ತು. ಮನೆಯಲ್ಲಿ ಜಗಳವೇ ಆಯಿತು. ನಾನು ಬಗ್ಗಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಅಮ್ಮ ಪ್ರಮಾಣವಚನ ತೆಗೆದುಕೊಂಡರು. ಆ ಕ್ಷಣಕ್ಕೆ ನನ್ನ ಪಿಟಿಷನ್ ಎಫ್2ಬಿಯಿಂದ ಎಫ್1ಕ್ಕೆ, ಅಂದರೆ ಪ್ರಜೆಯ ಅವಿವಾಹಿತ ಮಗಳ ಸಾಲಿಗೆ, ಬಂತು. ಡಿಸೆಂಬರ್ ಮೊದಲ ವಾರದಲ್ಲಿ, ಧನುರ್ಮಾಸ ಹಿಡಿಯುವ ಮುಂಚೆ, ಮದುವೆಯಾಯಿತು. ಈ ಸಲ ಅರ್ಜಿ ಸಾಯಲಿಲ್ಲ, ಎಫ್3ಕ್ಕೆ, ಅಂದರೆ ಪ್ರಜೆಯ ವಿವಾಹಿತ ಮಗಳ ಸಾಲಿಗೆ, ಇಳಿಯಿತು. 2014ರ ಏಪ್ರಿಲ್‌ನ ಪ್ರಯಾರಿಟಿ ಡೇಟ್, ಅಂದರೆ ಸರದಿ ಎಣಿಸುವ ದಿನಾಂಕ, ಹಾಗೇ ಉಳಿಯಿತು. ಅಮ್ಮ ಅಮೆರಿಕದ ಪಾಸ್‌ಪೋರ್ಟ್ ಹಿಡಿದು, ತಾವು ಹುಟ್ಟಿದ ಊರಿಗೇ ಇ-ವೀಸಾ ಮೇಲೆ ಬಂದು, ಧಾರೆ ಎರೆದರು.

ಇದಕ್ಕೆ ನಾನು ತೆತ್ತ ಬೆಲೆಯನ್ನು ಮುಚ್ಚಿಡಬಾರದು. ಎಫ್3ರಲ್ಲಿ ಗಂಡ ಮಕ್ಕಳು ನನ್ನ ಜೊತೆಗೇ ಬರಬಹುದು, ಅವರಿಗೆ ಬೇರೆ ಪಿಟಿಷನ್ ಬೇಡ. ಆದರೆ ಸಾಲು ಬಹಳ ಉದ್ದ. ವರ್ಷಕ್ಕೆ ಇಡೀ ಜಗತ್ತಿಗೆ 23,400 ವೀಸಾ, ಅದರ ಮೇಲೆ ದೇಶಕ್ಕಿಷ್ಟು ಎಂಬ ಮಿತಿ. 2025ರಲ್ಲೂ ಭಾರತದವರಿಗೆ 2011ರ ಅರ್ಜಿಗಳೇ ನಡೆಯುತ್ತಿದ್ದವು. ನಾನು ಮದುವೆಯಾಗದೆ ಎಫ್1ರಲ್ಲೇ ಉಳಿದಿದ್ದರೆ 2021ರ ಹೊತ್ತಿಗೆ ಸರದಿ ಬರುತ್ತಿತ್ತು. ಹೋಗಿ ಗ್ರೀನ್ ಕಾರ್ಡ್ ಪಡೆದು, ಆಮೇಲೆ ಊರಿಗೆ ಬಂದು ಮದುವೆಯಾಗಿ, ಗಂಡನಿಗೆ ಎಫ್2ಎ, ಅಂದರೆ ಗ್ರೀನ್ ಕಾರ್ಡ್ ಇರುವವರು ಗಂಡ ಅಥವಾ ಹೆಂಡತಿಗೆ ಹಾಕುವ ಸಾಲಿನ ಅರ್ಜಿ, ಹಾಕಬಹುದಿತ್ತು. 2019ರ ಜುಲೈಯಿಂದ 2023ರ ಮಾರ್ಚ್‌ವರೆಗೆ ಆ ಸಾಲಿನಲ್ಲಿ ಸರದಿ ಕಾಯುವುದೇ ಇರಲಿಲ್ಲ. ವಯಸ್ಸು ಚಿಕ್ಕದಿದ್ದು, ಮನಸ್ಸಿಟ್ಟವರು ಕಾಯುವುದಾದರೆ ಅದೇ ಬೇಗದ ದಾರಿ. ಒಂದು ಎಚ್ಚರ: ವೀಸಾ ಪಾಸ್‌ಪೋರ್ಟಿಗೆ ಅಂಟಿದ ಮೇಲೂ, ಅಮೆರಿಕದ ನೆಲ ಮುಟ್ಟಿ ಒಳಗೆ ಬಿಡುವವರೆಗೂ ಅವಿವಾಹಿತರಾಗಿಯೇ ಇರಬೇಕು. ನನಗೆ ಆಗ 30. ಇನ್ನೆಷ್ಟು ವರ್ಷ ಎಂದು ಯಾರೂ ಹೇಳುವಂತಿರಲಿಲ್ಲ. ಮದುವೆಯಾದದ್ದಕ್ಕೆ ಪಶ್ಚಾತ್ತಾಪವಿಲ್ಲ.

ಮದುವೆಯಾದ ತಿಂಗಳೊಳಗೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಲಗ್ನಪತ್ರಿಕೆ, ಫೋಟೋ, ಸಾಕ್ಷಿಗಳ ಸಮೇತ ಹೋಗಿ ನೋಂದಣಿ ಮಾಡಿಸಿದೆವು. ಸರ್ಟಿಫಿಕೇಟಿನಲ್ಲಿ ಮದುವೆಯಾದ ದಿನಾಂಕ, ನೋಂದಣಿಯ ದಿನಾಂಕ ಎರಡನ್ನೂ ಅಲ್ಲೇ ನಿಂತು ಓದಿ ನೋಡಿದೆ. ಅದರ ಪ್ರತಿ ಮತ್ತು ಅಮ್ಮನ ಪೌರತ್ವ ಪ್ರಮಾಣಪತ್ರದ ಪ್ರತಿ ಎರಡನ್ನೂ ವೀಸಾ ಕಾಗದಪತ್ರ ನೋಡಿಕೊಳ್ಳುವ ಅಮೆರಿಕದ ನ್ಯಾಷನಲ್ ವೀಸಾ ಸೆಂಟರ್‌ಗೆ ಕಳಿಸಿ ಸಾಲು ಬದಲಾಗಿದೆ ಎಂದು ತಿಳಿಸಿದೆವು. ಮಗಳು ಹುಟ್ಟಿದಾಗ ಅವಳ ಜನನ ಪ್ರಮಾಣಪತ್ರವನ್ನೂ ಸೇರಿಸಿದೆ.

ಅಣ್ಣನಿಗಾಗಿ ಅಮ್ಮ ಪ್ರಮಾಣವಚನವಾದ ಮರುವಾರವೇ ಎಫ್3 ಹಾಕಿದರು. ಅವನ ದಿನಾಂಕ 2019. ಪಿಟಿಷನ್ ಹಾಕಿದವರು ತೀರಿಹೋದರೆ ಅರ್ಜಿಯೂ ಸಾಮಾನ್ಯವಾಗಿ ರದ್ದಾಗುತ್ತದೆ, ಕೆಲವು ಸಂದರ್ಭಗಳಲ್ಲಿ ಮಾತ್ರ ಮಾನವೀಯತೆಯ ಮೇಲೆ ಉಳಿಸಿಕೊಡುತ್ತಾರೆ. ಅಮ್ಮನಿಗೆ ಈಗ ವಯಸ್ಸಾಗುತ್ತಿದೆ. ಅದಕ್ಕೇ ಅಪ್ಪ ತಾವೂ ಪ್ರಜೆಯಾದ ಮೇಲೆ ನಮ್ಮಿಬ್ಬರಿಗೂ ತಮ್ಮ ಹೆಸರಿನಲ್ಲಿ ಬೇರೆ ಅರ್ಜಿ ಹಾಕಿದ್ದಾರೆ. ಅಮ್ಮನ ಅರ್ಜಿಯ ಹಳೆಯ ದಿನಾಂಕ ಇದಕ್ಕೆ ಬರುವುದಿಲ್ಲ ಎಂದು ಗೊತ್ತಿದ್ದೂ ಹಾಕಿದ್ದಾರೆ.