ಇಂಗ್ಲೆಂಡಿನ ಕೌನ್ಸಿಲ್ ಮನೆಯಲ್ಲಿ ಅವಧಿ ಬಾಡಿಗೆ: ಕರಾರು ಮುಗಿಯುವ ಮುನ್ನ ಮಾಡಬೇಕಾದ್ದು

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಾಡಿಗೆ ಮನೆಯಲ್ಲಿದ್ದು ಬಂದವರಿಗೆ ಹನ್ನೊಂದು ತಿಂಗಳ ಅಗ್ರಿಮೆಂಟು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅವಧಿ ಮುಗಿದ ಮೇಲೆ ಮಾಲೀಕರು ಬಾಡಿಗೆ ಏರಿಸಿ ಇನ್ನೊಂದು ಅಗ್ರಿಮೆಂಟು ಮಾಡಿಕೊಟ್ಟಾರು, ಇಲ್ಲವೇ ಮನೆ ಬಿಡಿ ಎಂದಾರು ಎಂಬ ಲೆಕ್ಕ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಇದೇ ಲೆಕ್ಕವನ್ನಿಟ್ಟುಕೊಂಡು ಇಂಗ್ಲೆಂಡಿನ ಕೌನ್ಸಿಲ್ ಮನೆಯ, ಅಂದರೆ ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಮನೆಯ, ಐದು ವರ್ಷದ ಕರಾರನ್ನು ಓದಿದವರಲ್ಲಿ ಕೆಲವರು ಕೊನೆಯ ದಿನಾಂಕ ಹತ್ತಿರವಾಯಿತೆಂದು ಹೆದರಿ ತಾವಾಗಿಯೇ ಮನೆ ಖಾಲಿ ಮಾಡುವ ಯೋಚನೆಗೆ ಬೀಳುತ್ತಾರೆ; ಇನ್ನು ಕೆಲವರು ಸರ್ಕಾರದ ಮನೆಯಿಂದ ಯಾರು ಎಬ್ಬಿಸುತ್ತಾರೆ ಎಂದುಕೊಂಡು ಬಂದ ಲಕೋಟೆಗಳನ್ನು ಒಡೆಯದೆ ಇಟ್ಟುಬಿಡುತ್ತಾರೆ. ಎರಡರಿಂದಲೂ ನಷ್ಟವೇ. ಈ ಬಾಡಿಗೆಯಲ್ಲಿ ಬಾಡಿಗೆದಾರರ ಹಕ್ಕು ನಿಂತಿರುವುದು ಕೆಲವು ದಿನಾಂಕಗಳ ಮೇಲೆ ಮತ್ತು ಕೌನ್ಸಿಲ್ ತಾನೇ ಬರೆದು ಪ್ರಕಟಿಸಿರುವ ನೀತಿಯ ಮೇಲೆ. ಅವೆರಡನ್ನೂ ಮೊದಲ ದಿನದಿಂದಲೇ ಕೈಯಲ್ಲಿಟ್ಟುಕೊಂಡವರಿಗೆ ಕೊನೆಯ ವರ್ಷ ಅಷ್ಟು ಕಷ್ಟವಾಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿಗೆ ಮಾತ್ರ ಅನ್ವಯಿಸುತ್ತದೆ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಬಾಡಿಗೆಯ ಕಾನೂನು ಬೇರೆ. ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಕೆಲಸದ ವೀಸಾ ಅಥವಾ ವಿದ್ಯಾರ್ಥಿ ವೀಸಾದ ಮೇಲೆ ಬಂದಿರುವ ನಮ್ಮವರಲ್ಲಿ ಹೆಚ್ಚಿನವರ ವೀಸಾದಲ್ಲಿ ಸಾರ್ವಜನಿಕ ನಿಧಿಯ ನೆರವು ಪಡೆಯುವಂತಿಲ್ಲ ಎಂಬ ಷರತ್ತು ಇರುತ್ತದೆ, ಮತ್ತು ಕೌನ್ಸಿಲ್ ಮನೆಯ ಹಂಚಿಕೆಯೂ ಆ ನಿಧಿಯ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ಹೆಚ್ಚಾಗಿ ಬ್ರಿಟಿಷ್ ಪೌರತ್ವ ಪಡೆದವರಿಗೆ, ಖಾಯಂ ವಾಸದ ಅನುಮತಿ ಇರುವವರಿಗೆ ಮತ್ತು ಅವರ ಮನೆಯ ಹಿರಿಯರಿಗೆ ಉಪಯೋಗವಾಗುವಂಥದ್ದು.

ಮೊದಲು ನಿಮ್ಮ ಕರಾರು ಯಾವುದೆಂದು ಗುರುತಿಸಿಕೊಳ್ಳಿ

2011ರ ಲೋಕಲಿಸಂ ಆಕ್ಟ್ ಬರುವವರೆಗೆ ಕೌನ್ಸಿಲ್ ಮನೆ ಎಂದರೆ ಸಾಮಾನ್ಯವಾಗಿ ಜೀವನಪರ್ಯಂತದ ಬಾಡಿಗೆಯೇ ಆಗಿತ್ತು. ಅದಕ್ಕೆ ಸೆಕ್ಯೂರ್ ಟೆನೆನ್ಸಿ ಎಂದು ಹೆಸರು. ಆ ಕಾಯ್ದೆಯ ಪ್ರಕಾರ 2012ರ ಏಪ್ರಿಲ್ 1ರಿಂದ ಹೊಸ ಬಾಡಿಗೆದಾರರಿಗೆ ನಿಗದಿತ ಅವಧಿಯ ಕರಾರನ್ನೂ ಕೊಡುವ ಅಧಿಕಾರ ಕೌನ್ಸಿಲ್‌ಗಳಿಗೆ ಸಿಕ್ಕಿತು. ಕಾನೂನಿನ ಭಾಷೆಯಲ್ಲಿ ಇದು ಫ್ಲೆಕ್ಸಿಬಲ್ ಟೆನೆನ್ಸಿ. ಕನಿಷ್ಠ ಅವಧಿ ಎರಡು ವರ್ಷವೆಂದು ಕಾನೂನು ಹೇಳಿದರೂ, ಸಾಮಾನ್ಯ ಮನೆಗಳಿಗೆ ಐದು ವರ್ಷಕ್ಕಿಂತ ಕಡಿಮೆ ಕೊಡಬೇಕಾದರೆ ಅದಕ್ಕೆ ವಿಶೇಷ ಕಾರಣಗಳು ಕೌನ್ಸಿಲಿನ ನೀತಿಯಲ್ಲಿ ಬರೆದಿರಬೇಕು. ಇದು ಕೌನ್ಸಿಲ್‌ಗಳಿಗೆ ಕೊಟ್ಟ ಆಯ್ಕೆಯೇ ಹೊರತು ಕಡ್ಡಾಯವಲ್ಲ. 2016ರ ಹೌಸಿಂಗ್ ಅಂಡ್ ಪ್ಲಾನಿಂಗ್ ಆಕ್ಟ್ ಇದನ್ನು ಕಡ್ಡಾಯ ಮಾಡಲು ಹೊರಟಿತ್ತು. ಆದರೆ ಆ ಭಾಗವನ್ನು ಸದ್ಯಕ್ಕೆ ಜಾರಿಗೊಳಿಸುವುದಿಲ್ಲವೆಂದು ಸರ್ಕಾರ 2018ರಲ್ಲಿ ಪ್ರಕಟಿಸಿತು. ಹಲವು ಕೌನ್ಸಿಲ್‌ಗಳು ಅವಧಿ ಬಾಡಿಗೆಯನ್ನೇ ಕೈಬಿಟ್ಟು ಜೀವನಪರ್ಯಂತದ ಕರಾರಿಗೆ ಮರಳಿವೆ. ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಐದು ವರ್ಷಕ್ಕೊಮ್ಮೆ ಮನೆಯ ಚಿಂತೆ ಹೊತ್ತುಕೊಂಡು ಮಕ್ಕಳನ್ನು ಒಂದೇ ಶಾಲೆಯಲ್ಲಿ ಓದಿಸುವುದು ಸುಲಭವಲ್ಲ.

ಕರಾರಿನ ಮೊದಲ ಪುಟದಲ್ಲಿ ಯಾವ ಹೆಸರು ಬರೆದಿದೆ, ಅವಧಿ ಎಂದಿನಿಂದ ಎಂದಿನವರೆಗೆ ಎಂದಿದೆ ಎಂಬುದನ್ನು ನೋಡಿಕೊಳ್ಳಿ. ಬಹಳಷ್ಟು ಕಡೆ ಮೊದಲ ಒಂದು ವರ್ಷ ಇಂಟ್ರೊಡಕ್ಟರಿ ಟೆನೆನ್ಸಿ, ಅಂದರೆ ಪರೀಕ್ಷಾ ಅವಧಿ ಇರುತ್ತದೆ. ಇದನ್ನು ಇನ್ನೂ ಆರು ತಿಂಗಳು ಮುಂದೂಡುವ ಅವಕಾಶ ಕೌನ್ಸಿಲ್‌ಗೆ ಉಂಟು. ಅದು ಮುಗಿದ ಮೇಲೆ ಐದು ವರ್ಷದ ಅವಧಿ ಶುರುವಾಗುತ್ತದೆ. ಹೀಗೆ ಅವಧಿ ಬಾಡಿಗೆ ಕೊಡುವುದಾದರೆ ಆ ವಿಷಯವನ್ನು ಕೌನ್ಸಿಲ್ ಮೊದಲೇ ಲಿಖಿತವಾಗಿ ತಿಳಿಸಿರಬೇಕು. ತಿಳಿಸಿರದಿದ್ದರೆ ನಿಮ್ಮದು ಅವಧಿ ಬಾಡಿಗೆಯೇ ಹೌದೋ ಅಲ್ಲವೋ ಎಂಬುದನ್ನೇ ಪ್ರಶ್ನಿಸಬಹುದಾದ್ದರಿಂದ, ಆ ಪತ್ರವನ್ನು ಹುಡುಕಿ ತೆಗೆದಿಡಿ.

ಕೊಟ್ಟ ಅವಧಿ ಕೌನ್ಸಿಲಿನ ನೀತಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆಯಿದ್ದರೆ, ಆ ಪತ್ರ ಕೈಸೇರಿದ ದಿನವನ್ನೂ ಸೇರಿಸಿ 21 ದಿನದೊಳಗೆ ಮರುಪರಿಶೀಲನೆ ಕೇಳುವ ಹಕ್ಕು ನಿಮಗಿದೆ. ನೀತಿಗೆ ಹೊಂದುವುದಿಲ್ಲ ಎಂಬ ಒಂದೇ ಆಧಾರದ ಮೇಲೆ ಇದನ್ನು ಕೇಳಬಹುದು. ನನಗೆ ಹೆಚ್ಚು ವರ್ಷ ಬೇಕಿತ್ತು ಎಂದಷ್ಟೇ ಬರೆದರೆ ನಡೆಯದು.

ಅವಧಿಯ ನಡುವೆ

ಕರಾರು ಜೀವನಪರ್ಯಂತದ್ದಲ್ಲದಿದ್ದರೂ, ಈ ವರ್ಷಗಳಲ್ಲಿ ಕಾನೂನಿನ ದೃಷ್ಟಿಯಲ್ಲಿ ನೀವು ಸೆಕ್ಯೂರ್ ಬಾಡಿಗೆದಾರರೇ. ಕೋರ್ಟಿನ ಆದೇಶವಿಲ್ಲದೆ ಕೌನ್ಸಿಲ್ ನಿಮ್ಮನ್ನು ಎಬ್ಬಿಸಲಾಗದು. ಬಾಡಿಗೆ ಬಾಕಿಯಂಥ ಕಾರಣಕ್ಕೆ ನಡುವೆಯೇ ಕರಾರು ಮುರಿಯಲು ಹೊರಟರೆ, ಅವಧಿಯನ್ನು ಮೊದಲೇ ಕೊನೆಗೊಳಿಸುವ ಷರತ್ತು ಕರಾರಿನಲ್ಲೇ ಇರಬೇಕು ಎಂಬುದು 2022ರಲ್ಲಿ ಕ್ರಾಯ್ಡನ್ ಕೌನ್ಸಿಲಿನ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಸ್ಪಷ್ಟವಾಯಿತು. ಹಾಗೆಂದು ಬಾಕಿ ಬೆಳೆಯಲು ಬಿಡಬೇಡಿ. ಕರಾರು ಮುಂದುವರಿಸಬೇಕೇ ಬೇಡವೇ ಎಂದು ನೋಡುವಾಗ ಬಾಡಿಗೆಯ ಲೆಕ್ಕವನ್ನೂ ತೆಗೆಯುವ ಕೌನ್ಸಿಲ್‌ಗಳಿವೆ. ಒಂದು ತಿಂಗಳು ಕಟ್ಟಲಾಗದಿದ್ದರೆ ಸುಮ್ಮನಿರದೆ, ಕಂತಿನಲ್ಲಿ ತೀರಿಸುವ ಒಪ್ಪಂದವನ್ನು ಬರಹದಲ್ಲೇ ಮಾಡಿಕೊಳ್ಳಿ.

ಮನೆ ಅದಲು ಬದಲು ಮಾಡಿಕೊಳ್ಳುವವರು ವಿಶೇಷ ಎಚ್ಚರ ವಹಿಸಬೇಕು. ಜೀವನಪರ್ಯಂತದ ಕರಾರು ಇರುವವರು ಅವಧಿ ಬಾಡಿಗೆಯವರೊಂದಿಗೆ ಮನೆ ಬದಲಿಸಿಕೊಂಡರೆ, ಹಳೆಯ ಕರಾರು 2012ರ ಏಪ್ರಿಲ್‌ಗೆ ಮುಂಚಿನದೋ ಅನಂತರದ್ದೋ ಎಂಬುದರ ಮೇಲೆ ಫಲ ಬೇರೆಯಾಗುತ್ತದೆ. ಬದಲಾದ ಮೇಲೆ ನನ್ನ ಕರಾರು ಯಾವ ಬಗೆಯದಾಗಿರುತ್ತದೆ ಎಂದು ಸಹಿ ಹಾಕುವ ಮೊದಲು ಎರಡೂ ಕಡೆಯ ಕಚೇರಿಗಳಿಂದ ಬರೆಸಿಕೊಳ್ಳಿ. ಜೀವನಪರ್ಯಂತದ ಕರಾರಿದ್ದು ಮನೆಯೊಳಗಿನ ದೌರ್ಜನ್ಯದಿಂದ ಮನೆ ಬಿಟ್ಟವರಿಗೆ ಕೌನ್ಸಿಲ್ ಆ ಕಾರಣಕ್ಕೆ ಹೊಸ ಮನೆ ಕೊಡುವಾಗ ಅವಧಿ ಬಾಡಿಗೆ ಕೊಡುವಂತಿಲ್ಲ; 2021ರ ಡೊಮೆಸ್ಟಿಕ್ ಅಬ್ಯೂಸ್ ಆಕ್ಟ್ ಈ ರಕ್ಷಣೆ ಕೊಟ್ಟಿದೆ. ಈ ಒಂದು ವಿಷಯ ಗೊತ್ತಿಲ್ಲದೆ, ಮನೆ ಹೋದೀತೆಂಬ ಭಯಕ್ಕೆ ಹೊಡೆತ ತಿಂದುಕೊಂಡು ಇರುವ ಹೆಣ್ಣುಮಕ್ಕಳಿಗೆ ದಯವಿಟ್ಟು ತಿಳಿಸಿ.

ಕೊನೆಯ ವರ್ಷ

ಅವಧಿ ಮುಗಿದ ದಿನವೇ ಮನೆ ಬಿಡಬೇಕೆಂದು ಕಾನೂನು ಎಲ್ಲಿಯೂ ಹೇಳುವುದಿಲ್ಲ. 1985ರ ಹೌಸಿಂಗ್ ಆಕ್ಟಿನ 107ಡಿ ವಿಧಿಯ ಪ್ರಕಾರ, ಅವಧಿ ಮುಗಿಯಿತೆಂಬ ಕಾರಣಕ್ಕೆ ಮನೆ ಹಿಂದಕ್ಕೆ ಪಡೆಯಬೇಕಾದರೆ ಕೌನ್ಸಿಲ್ ಎರಡು ನೋಟಿಸ್ ಕೊಟ್ಟಿರಬೇಕು. ಮೊದಲನೆಯದು ಇನ್ನೊಂದು ಕರಾರು ಕೊಡುವ ಉದ್ದೇಶವಿಲ್ಲ ಎಂದು, ಕಾರಣ ಸಮೇತ, ಮರುಪರಿಶೀಲನೆಯ ಹಕ್ಕನ್ನೂ ತಿಳಿಸಿ ಕೊಡುವ ಕನಿಷ್ಠ ಆರು ತಿಂಗಳ ನೋಟಿಸ್. ಎರಡನೆಯದು ಮನೆ ವಶಕ್ಕೆ ಬೇಕು ಎನ್ನುವ ಕನಿಷ್ಠ ಎರಡು ತಿಂಗಳ ನೋಟಿಸ್. ಯಾವ ನೋಟಿಸೂ ಬರದೆ, ಹೊಸ ಕರಾರೂ ಆಗದೆ ದಿನಾಂಕ ದಾಟಿಹೋದರೆ ಬಾಡಿಗೆ ಅಲ್ಲಿಗೇ ನಿಲ್ಲದೆ ವಾರದ ಅಥವಾ ತಿಂಗಳ ಲೆಕ್ಕದ ಬಾಡಿಗೆಯಾಗಿ ಮುಂದುವರಿಯುತ್ತದೆ.

ದಿನಾಂಕದ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಕರಾರು 2022ರ ಏಪ್ರಿಲ್ 1ಕ್ಕೆ ಶುರುವಾಗಿ 2027ರ ಮಾರ್ಚ್ 31ಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಹಿಂದಿನ ವರ್ಷದ ಸೆಪ್ಟೆಂಬರ್ ಕೊನೆಯೊಳಗೆ ಆರು ತಿಂಗಳ ನೋಟಿಸ್ ನಿಮ್ಮ ಬಾಗಿಲಿಗೆ ಬರುವ ಸಾಧ್ಯತೆ ಇದೆ. ಅದು ಸೆಪ್ಟೆಂಬರ್ 10ರಂದು ಬಂದರೆ ಆ ದಿನವೇ ಮೊದಲನೆಯ ದಿನವಾಗುತ್ತದೆ. ಮರುಪರಿಶೀಲನೆ ಕೇಳಲು ಇರುವ 21 ದಿನಗಳು ಸೆಪ್ಟೆಂಬರ್ 30ಕ್ಕೆ ಮುಗಿಯುತ್ತವೆ. ಆರು ತಿಂಗಳಿದೆಯಲ್ಲ, ನಿಧಾನವಾಗಿ ನೋಡೋಣ ಎಂದುಕೊಂಡವರು ಎಡವುವುದು ಇಲ್ಲಿಯೇ. ಆದ್ದರಿಂದ ಕೊನೆಯ ವರ್ಷದಲ್ಲಿ ಕೌನ್ಸಿಲಿನ ಪ್ರತಿ ಲಕೋಟೆಯನ್ನೂ ಬಂದ ದಿನವೇ ಒಡೆದು, ಲಕೋಟೆಯ ಮೇಲೆಯೇ ಬಂದ ತಾರೀಖು ಬರೆದಿಡಿ. ಊರಿಗೆ ಹೋಗಿ ತಿಂಗಳುಗಟ್ಟಲೆ ಇರುವವರು ಕಾಗದಗಳನ್ನು ನೋಡಲು ಯಾರನ್ನಾದರೂ ಗೊತ್ತುಮಾಡಿ ಹೋಗಿ.

ನೋಟಿಸಿಗೆ ಮೊದಲು ಕೌನ್ಸಿಲಿನವರು ಮನೆಮಂದಿ ಎಷ್ಟು, ಆದಾಯ ಎಷ್ಟು, ಬೇರೆ ಆಸ್ತಿ ಇದೆಯೇ, ಕೋಣೆಗಳು ಅಗತ್ಯಕ್ಕಿಂತ ಹೆಚ್ಚಿವೆಯೇ, ಅಂಗವಿಕಲರಿಗಾಗಿ ಮಾರ್ಪಡಿಸಿದ ಮನೆಯಾದರೆ ಆ ಸೌಕರ್ಯ ಇನ್ನೂ ಬೇಕೇ ಎಂಬಂಥ ಮಾಹಿತಿ ಕೇಳಬಹುದು. ಯಾವುದಕ್ಕೆ ಎಷ್ಟು ತೂಕ ಎಂಬುದು ಕೌನ್ಸಿಲಿನಿಂದ ಕೌನ್ಸಿಲ್‌ಗೆ ಬೇರೆಯಾಗುತ್ತದೆ. ಹೀಗಾಗಿ ಪಕ್ಕದ ಬರೋದಲ್ಲಿ, ಅಂದರೆ ಬೇರೆ ಕೌನ್ಸಿಲಿನ ಪ್ರದೇಶದಲ್ಲಿ, ಇರುವ ಸ್ನೇಹಿತರ ಅನುಭವ ನಿಮಗೆ ಒದಗದು. ನಿಮ್ಮ ಕೌನ್ಸಿಲಿನ ಟೆನೆನ್ಸಿ ಪಾಲಿಸಿಯನ್ನೇ ತರಿಸಿ ಓದಬೇಕು. ಅದನ್ನು ಪ್ರಕಟಿಸುವುದು ಅವರ ಕರ್ತವ್ಯ.

ಮರುಪರಿಶೀಲನೆಯ ಅರ್ಜಿ

ನನಗೆ ಪರಿಚಯದ ಹಿರಿಯರೊಬ್ಬರು, ಎರಡು ಮಲಗುವ ಕೋಣೆಯ ಮನೆಯಲ್ಲಿ ಒಬ್ಬರೇ ಇರುವವರು, ಒಂದು ಸಂಜೆ ಫೋನ್ ಮಾಡಿ "ಇದೇನೋ ಬಂದಿದೆ, ಸ್ವಲ್ಪ ನೋಡಮ್ಮ" ಎಂದರು. ಅಡುಗೆಮನೆಯ ಡ್ರಾಯರಿನಲ್ಲಿ ಅಂಗಡಿಯ ಕೂಪನ್ನುಗಳ ನಡುವೆ ಸಿಕ್ಕಿಕೊಂಡಿದ್ದ ಆ ಕಾಗದ ಬಂದು ಅಂದಿಗೆ ಹತ್ತೊಂಬತ್ತನೆಯ ದಿನವಾಗಿತ್ತು. ಒಬ್ಬರಿಗೆ ಎರಡು ಕೋಣೆ ಹೆಚ್ಚಾಯಿತು, ಕರಾರು ಮುಂದುವರಿಸುವುದಿಲ್ಲ ಎಂದು ಬರೆದಿತ್ತು. ವಾರದಲ್ಲಿ ನಾಲ್ಕು ರಾತ್ರಿ ಆರೈಕೆಯವರು ಬಂದು ಎರಡನೆಯ ಕೋಣೆಯಲ್ಲಿ ಮಲಗುತ್ತಾರೆ ಎಂಬುದು ಕೌನ್ಸಿಲಿನ ಫಾರಂನಲ್ಲಿ ಎಲ್ಲಿಯೂ ಬಂದಿರಲಿಲ್ಲ, ಆದರೆ ರಾತ್ರಿ ಆರೈಕೆಗೆ ಪ್ರತ್ಯೇಕ ಕೋಣೆ ಬೇಕಾದವರಿಗೆ ವಿನಾಯಿತಿ ಉಂಟೆಂದು ಅವರದೇ ನೀತಿಯಲ್ಲಿತ್ತು. ಮರುದಿನ ಒಂದು ಪುಟದ ಪತ್ರ ಬರೆದು, ವೈದ್ಯರ ಕಾಗದದ ಪ್ರತಿ ಸೇರಿಸಿ, ಇಮೇಲ್ ಮಾಡಿ, ಕಚೇರಿಗೂ ಹೋಗಿ ಕೊಟ್ಟು ರಸೀದಿ ಪಡೆದೆವು. ನಿರ್ಧಾರ ಬದಲಾಯಿತು. ಅವರೀಗ ಅದೇ ಮನೆಯಲ್ಲಿದ್ದಾರೆ.

ಅರ್ಜಿಯಲ್ಲಿ ನಿಮ್ಮ ಹೆಸರು ವಿಳಾಸ, ಯಾವ ತಾರೀಖಿನ ಯಾವ ನಿರ್ಧಾರದ ವಿರುದ್ಧ ಎಂಬುದು, ನಿಮ್ಮ ಕಾರಣಗಳು, ಮುಖಾಮುಖಿ ವಿಚಾರಣೆ ಬೇಕೋ ಬೇಡವೋ, ಮತ್ತು ಇಮೇಲ್‌ನಲ್ಲಿ ಉತ್ತರ ಕಳಿಸಬಹುದೇ ಎಂಬಿಷ್ಟು ಇರಬೇಕು. ವಿಚಾರಣೆ ಬೇಕು ಎಂದೇ ಬರೆಯಿರಿ ಎಂಬುದು ನನ್ನ ಸಲಹೆ, ಏಕೆಂದರೆ ಕಾಗದದಲ್ಲಿ ಹೇಳಲಾಗದ್ದನ್ನು ಅಲ್ಲಿ ಹೇಳಬಹುದು ಮತ್ತು ನಿಮ್ಮ ಪರವಾಗಿ ಮಾತನಾಡಲು ಒಬ್ಬರನ್ನು ಕರೆದೊಯ್ಯಬಹುದು. ಇಂಗ್ಲಿಷಿನಲ್ಲಿ ಮಾತನಾಡುವುದು ಕಷ್ಟವಾದರೆ ಕನ್ನಡದ ದುಭಾಷಿ ಬೇಕೆಂದು ಅದೇ ಪತ್ರದಲ್ಲಿ ಕೇಳಿಕೊಳ್ಳಿ. ಮೊದಲು ನಿರ್ಧಾರ ಮಾಡಿದ ಅಧಿಕಾರಿಗಿಂತ ಮೇಲಿನವರು, ಆ ನಿರ್ಧಾರದಲ್ಲಿ ಪಾಲ್ಗೊಂಡಿರದವರು, ಇದನ್ನು ನಡೆಸಬೇಕು. ನಿರ್ಧಾರ ಕೌನ್ಸಿಲಿನ ನೀತಿಗೆ ಅನುಗುಣವಾಗಿದೆಯೇ ಎಂಬುದನ್ನು ಅವರು ವಿಶೇಷವಾಗಿ ನೋಡಬೇಕಾದ್ದರಿಂದ, ಕಷ್ಟವನ್ನು ತೋಡಿಕೊಳ್ಳುವುದರ ಜೊತೆಗೆ ನೀತಿಯ ಯಾವ ಪ್ಯಾರಾ ನಿಮ್ಮ ಪರವಾಗಿದೆ ಎಂದು ಸಂಖ್ಯೆ ಸಮೇತ ಬರೆಯಿರಿ.

ಕೋರ್ಟಿನವರೆಗೆ ಹೋದರೆ

ನೋಟಿಸುಗಳೆಲ್ಲ ಸರಿಯಾಗಿದ್ದರೆ ಕೌಂಟಿ ಕೋರ್ಟ್ ಮನೆ ಬಿಡಿಸುವ ಆದೇಶ ಕೊಡಲೇಬೇಕಾಗುತ್ತದೆ. ಆದರೆ ನೀವು ಗಡುವಿನೊಳಗೆ ಕೇಳಿದ ಮರುಪರಿಶೀಲನೆಯನ್ನು ಕೌನ್ಸಿಲ್ ನಡೆಸಿರದಿದ್ದರೆ, ಅಥವಾ ಅದರ ನಿರ್ಧಾರ ಕಾನೂನಿನ ದೃಷ್ಟಿಯಲ್ಲಿ ತಪ್ಪಾಗಿದ್ದರೆ, ಕೋರ್ಟ್ ಆದೇಶ ನಿರಾಕರಿಸಬಹುದು. ಆ 21 ದಿನಗಳ ಮೇಲೆ ನಾನು ಇಷ್ಟು ಒತ್ತು ಕೊಡುತ್ತಿರುವುದು ಇದಕ್ಕೇ. ಆದೇಶವಾದರೆ ಸಾಮಾನ್ಯವಾಗಿ 14 ದಿನ, ತೀವ್ರ ತೊಂದರೆಯಿದೆಯೆಂದು ಮನವರಿಕೆಯಾದರೆ ಹೆಚ್ಚೆಂದರೆ ಆರು ವಾರ ಸಮಯ ಸಿಗುತ್ತದೆ. ವಶಕ್ಕೆ ಬೇಕೆಂಬ ನೋಟಿಸ್ ಬಂದ ಕೂಡಲೇ ಹೌಸಿಂಗ್ ಲಾಸ್ ಪ್ರಿವೆನ್ಷನ್ ಅಡ್ವೈಸ್ ಸರ್ವಿಸ್‌ನ ಸಹಾಯ ಕೇಳಿ. 2023ರ ಆಗಸ್ಟಿನಿಂದ ನಡೆಯುತ್ತಿರುವ ಈ ಸೇವೆಯಲ್ಲಿ ಆದಾಯ ಎಷ್ಟಿದ್ದರೂ ವಕೀಲರ ಸಲಹೆ ಉಚಿತ. ಶೆಲ್ಟರ್ ಮತ್ತು ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗಳೂ ದಾರಿ ತೋರಿಸುತ್ತವೆ. ಅಲ್ಲಿಯವರೆಗೆ ಬಾಡಿಗೆ ಕಟ್ಟುವುದನ್ನು ನಿಲ್ಲಿಸಬೇಡಿ, ಸಲಹೆ ಪಡೆಯದೆ ಬೀಗದ ಕೈ ಒಪ್ಪಿಸಬೇಡಿ. ತಾವಾಗಿ ಮನೆ ಬಿಟ್ಟವರನ್ನು ಬೇಕೆಂದೇ ನಿರಾಶ್ರಿತರಾದವರೆಂದು ಪರಿಗಣಿಸಿ ಮುಂದಿನ ನೆರವನ್ನು ಮೊಟಕುಗೊಳಿಸುವ ಅಪಾಯವಿದೆ.

ನಿಮಗೇ ಮನೆ ಬೇಡವಾಗಿ, ಊರಿಗೆ ಮರಳುವುದಕ್ಕೋ ಮಕ್ಕಳ ಮನೆಗೆ ಹೋಗುವುದಕ್ಕೋ ಅವಧಿಗೆ ಮುಂಚೆಯೇ ಬಿಡಬೇಕಾಗಿ ಬಂದರೆ, ಬಿಡುವ ದಿನ ಬಾಡಿಗೆ ಬಾಕಿ ಇಲ್ಲದೆ, ಕರಾರಿನ ಷರತ್ತನ್ನು ಗಂಭೀರವಾಗಿ ಮುರಿದಿರದಿದ್ದರೆ, ಕೌನ್ಸಿಲ್‌ಗೆ ನಾಲ್ಕು ವಾರಗಳ ಲಿಖಿತ ನೋಟಿಸ್ ಕೊಟ್ಟರೆ ಸಾಕು. ಉಳಿದ ವರ್ಷಗಳ ಬಾಡಿಗೆಯನ್ನು ಯಾರೂ ಕೇಳುವಂತಿಲ್ಲ.