ಇಂಗ್ಲಿಷಿನಲ್ಲಿ ಗಂಟೆ ಕೇಳುವುದು, ದೂರದ ಊರಿನ ಹೊತ್ತನ್ನು ಲೆಕ್ಕ ಹಾಕುವುದು

ಗುರುತಿನವರನ್ನು ‘ವಾಟ್ ಟೈಮ್ ಈಸ್ ಇಟ್?’ ಎಂದು ಕೇಳಿದರೆ ಸಾಕು. ನಿಲ್ದಾಣದಲ್ಲಿ ಪಕ್ಕದಲ್ಲಿ ನಿಂತ ಅಪರಿಚಿತರನ್ನು ಕೇಳುವಾಗ ಮಾತ್ರ ‘ಎಕ್ಸ್‌ಕ್ಯೂಸ್ ಮಿ, ಕುಡ್ ಯು ಟೆಲ್ ಮಿ ದ ಟೈಮ್, ಪ್ಲೀಸ್?’ ಎನ್ನುವುದು ಮರ್ಯಾದೆ. ‘ಡು ಯು ಹ್ಯಾವ್ ದ ಟೈಮ್?’ ಎಂಬುದೂ ಗಂಟೆ ಕೇಳುವ ಮಾತೇ. ಆದರೆ ಅದರೊಳಗಿನ ‘ದ’ ಬಿಟ್ಟುಹೋದರೆ ‘ನಿಮಗೆ ಬಿಡುವಿದೆಯೇ?’ ಎಂದು ಕೇಳಿದಂತಾಗುತ್ತದೆ. ಕನ್ನಡದಲ್ಲಿ ಅಂಥ ಪದವೇ ಇಲ್ಲದಿರುವುದರಿಂದ ನಮ್ಮ ಬಾಯಲ್ಲಿ ಅದು ಸುಲಭವಾಗಿ ಜಾರಿಹೋಗುತ್ತದೆ.

ಕೇಳುವುದಕ್ಕಿಂತ ಉತ್ತರವನ್ನು ಹಿಡಿಯುವುದು ಕಷ್ಟ. ಐದೂಕಾಲು ‘ಕ್ವಾರ್ಟರ್ ಪಾಸ್ಟ್ ಫೈವ್’, ಐದೂವರೆ ‘ಹಾಫ್ ಪಾಸ್ಟ್ ಫೈವ್’. ಇಲ್ಲಿಯವರೆಗೆ ಎರಡು ಭಾಷೆಗಳೂ ಜೊತೆಯಾಗಿಯೇ ನಡೆಯುತ್ತವೆ. ಮುಕ್ಕಾಲಿಗೆ ಬಂದಾಗ ನಾವು ಕಳೆದ ಗಂಟೆಯನ್ನೇ ಹಿಡಿದು ಐದೂಮುಕ್ಕಾಲು ಎನ್ನುತ್ತೇವೆ, ಇಂಗ್ಲಿಷಿನವರು ಬರಲಿರುವ ಗಂಟೆಯನ್ನು ಹಿಡಿದು ‘ಕ್ವಾರ್ಟರ್ ಟು ಸಿಕ್ಸ್’ ಎನ್ನುತ್ತಾರೆ. ‘ಸಿಕ್ಸ್’ ಎಂಬುದಷ್ಟೇ ಕಿವಿಗೆ ಬಿದ್ದವರು ಆರೂಕಾಲು ಎಂದುಕೊಂಡು ಅರ್ಧ ಗಂಟೆ ತಡವಾಗಿ ಹೋಗುವುದುಂಟು. ಬ್ರಿಟನ್ನಿನಲ್ಲಿ ಬರಿಯ ‘ಹಾಫ್ ಫೈವ್’ ಎಂದರೂ ಐದೂವರೆಯೇ.

ಇನ್ನು ದೇಶದಿಂದ ದೇಶಕ್ಕೆ ಬದಲಾಗುವ ಹೊತ್ತಿನ ವಿಚಾರ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಭಾರತದ ಗಡಿಯಾರಕ್ಕೆ ಆಧಾರವಾದ ರೇಖಾಂಶ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವದ್ದು. ಅದನ್ನು 4ರಿಂದ ಗುಣಿಸಿದರೆ 330 ನಿಮಿಷ, ಅಂದರೆ ಸೊನ್ನೆ ಡಿಗ್ರಿ ರೇಖಾಂಶ ಹಾದುಹೋಗುವ ಲಂಡನ್ನಿನ ಗ್ರೀನಿಚ್‌ಗಿಂತ ನಾವು ಐದೂವರೆ ಗಂಟೆ ಮುಂದೆ. ನಮ್ಮ ಲೆಕ್ಕಕ್ಕೆ ಸದಾ ಅಂಟಿಕೊಳ್ಳುವ ಆ ಅರ್ಧ ಗಂಟೆ ಬಂದದ್ದು ಇಲ್ಲಿಂದಲೇ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸಿಂಗಾಪುರ ಎರಡೂವರೆ ಗಂಟೆ ಮುಂದೆ. ಇವೆರಡೂ ವರ್ಷವಿಡೀ ಬದಲಾಗುವುದಿಲ್ಲ.

ತೊಡಕಿರುವುದು ಅಮೆರಿಕದ ಲೆಕ್ಕದಲ್ಲಿ. ಅಕ್ಕ ನ್ಯೂಜೆರ್ಸಿಗೆ ಹೋದ ವರ್ಷ ಅಮ್ಮ ಅಡುಗೆಮನೆಯ ಗೋಡೆಗೆ ಎರಡನೆಯ ಗಡಿಯಾರವೊಂದನ್ನು ತೂಗುಹಾಕಿ, ಹತ್ತೂವರೆ ಗಂಟೆ ಹಿಂದಕ್ಕೆ ತಿರುಗಿಸಿ, ಅದರ ಕೆಳಗೆ ಅಕ್ಕನ ಹೆಸರು ಬರೆದ ಚೀಟಿ ಅಂಟಿಸಿದ್ದರು. ಮಾರ್ಚ್ ತಿಂಗಳಲ್ಲಿ ಒಂದು ದಿನ ಆ ಗಡಿಯಾರ ನೋಡಿಯೇ ಫೋನ್ ಮಾಡಿದರೆ ಅಕ್ಕ ಆಗಲೇ ಕೆಲಸಕ್ಕೆ ಹೊರಟಾಗಿತ್ತು. ಅಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತಾರೆ. ಹಾಗಾಗಿ ನ್ಯೂಯಾರ್ಕ್, ನ್ಯೂಜೆರ್ಸಿಗಳಿಗೂ ನಮಗೂ ಇರುವ ಅಂತರ ಚಳಿಗಾಲದಲ್ಲಿ ಹತ್ತೂವರೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ. ಕ್ಯಾಲಿಫೋರ್ನಿಯದ ಬೇಸಿಗೆಯ ಲೆಕ್ಕ ಬಹಳ ಸುಲಭ: ನಮ್ಮ ಹೊತ್ತಿನಿಂದ ಅರ್ಧ ಗಂಟೆ ಕಳೆದು ಹಗಲು ರಾತ್ರಿಗಳನ್ನು ಅದಲುಬದಲು ಮಾಡಿದರಾಯಿತು. ಇಲ್ಲಿ ಬೆಳಿಗ್ಗೆ ಎಂಟೂವರೆಯಾದರೆ ಅಲ್ಲಿ ಹಿಂದಿನ ದಿನದ ರಾತ್ರಿ ಎಂಟು. ಚಳಿಗಾಲದಲ್ಲಿ ಅರ್ಧದ ಬದಲು ಒಂದೂವರೆ ಕಳೆಯಬೇಕು.

ಆದ್ದರಿಂದ ಹೊರದೇಶದವರು ಗಂಟೆ ಗೊತ್ತುಮಾಡಿದಾಗ ‘ಈಸ್ ದಟ್ ಯುವರ್ ಟೈಮ್ ಆರ್ ಮೈನ್?’ ಎಂದು ಸಂಕೋಚವಿಲ್ಲದೆ ಕೇಳಬೇಕು, ತಾರೀಖನ್ನೂ ಕೇಳಿಕೊಳ್ಳಬೇಕು. ಜನವರಿಯ ಸೋಮವಾರ ‘ನೈನ್ ಪಿ.ಎಂ. ಈಸ್ಟರ್ನ್’ಗೆ, ಅಂದರೆ ನ್ಯೂಯಾರ್ಕಿನ ಹೊತ್ತಿನಂತೆ ರಾತ್ರಿ ಒಂಬತ್ತಕ್ಕೆ, ಸಂದರ್ಶನವಿದೆ ಎಂದರೆ ನಮಗದು ಮಂಗಳವಾರ ಬೆಳಿಗ್ಗೆ ಏಳೂವರೆ. ಒಪ್ಪಿಗೆ ತಿಳಿಸುವಾಗ ಎರಡೂ ಊರಿನ ವಾರ, ಗಂಟೆಗಳನ್ನು ಒಂದೇ ಸಾಲಿನಲ್ಲಿ ಬರೆದು ಕಳುಹಿಸಿದರೆ, ಲೆಕ್ಕ ತಪ್ಪಿದ್ದರೂ ಆ ಕಡೆಯವರು ಮೊದಲೇ ತಿದ್ದಿ ಹೇಳುತ್ತಾರೆ.